ಹಳೇ ಎಫ್‌ಸಿ ಲಾರಿಗೆ ಮೂರು ಕಾರ್ಬೊರೇಟರ್ ಹಾಕಿ ನೋಡ್ದೆ, ಕೊನೆಗೆ ಉಳಿದಿದ್ದು ಇದು

ಗಾಡಿ ಯಾವ್ದು ಅಂತ ಮೊದ್ಲೇ ಹೇಳ್ಬಿಡ್ತೀನಿ. ಮಹೀಂದ್ರದ ಎಫ್‌ಸಿ 150, ಮೂತಿ ಇಲ್ದೆ ಚಪ್ಪಟೆ ಮುಖದ ಜೀಪ್ ಲಾರಿ ಇತ್ತಲ್ಲ ಅದು. ಆಲ್ದೂರು ಕಡೆ ನಮ್ ತೋಟದಲ್ಲಿ ಅಪ್ಪ ಕಾಫಿ ಚೀಲ, ಗೊಬ್ಬರ, ಸೌದೆ, ಒಂದ್ಸಲ ಹಸು ಕೂಡ ಸಾಗ್ಸಿದ್ ಗಾಡಿ. ಈ ಕಡೆ ಹಳೇ ಜೀಪ್ ಇಟ್ಕೊಂಡಿರೋ ಸುಮಾರು ಜನ ಎಂದೋ ಡೀಸೆಲ್ ಇಂಜಿನ್ ಕೂರ್ಸ್ಬಿಟ್ರು, ನಂಗೆ ಮಾತ್ರ ಆ ಹರಿಕೇನ್ ಪೆಟ್ರೋಲ್ ಇಂಜಿನ್ನೇ ಬೇಕಿತ್ತು, ಹಠ ಅಂದ್ಕೊಳ್ಳಿ. ಬೋರ್ ಮಾಡ್ಸಿ, ಹೊಸ ಪಿಸ್ಟನ್ ಹಾಕ್ಸಿ, ವಾಲ್ವ್ ಸೀಟ್ ಕೂರ್ಸಿ, ಕ್ರ್ಯಾಂಕ್ ಗ್ರೈಂಡ್ ಮಾಡ್ಸಿ ಕೈ ಖಾಲಿ ಆದ್ಮೇಲೆ ಗೊತ್ತಾಗಿದ್ದು ಏನಂದ್ರೆ, ಮೇಲೆ ಕೂತು ಗಾಳಿಗೆ ಪೆಟ್ರೋಲ್ ಬೆರೆಸೋ ಕಾರ್ಬೊರೇಟರ್ ಸರಿ ಇಲ್ದಿದ್ರೆ ಕೆಳಗೆ ಸುರಿದಿದ್ದೆಲ್ಲಾ ಹೊಳೇಲಿ ಹುಣಸೆಹಣ್ಣು ಕಿವುಚಿದಂಗೆ.

ಮೊದಲ್ನೇದು ಮಾರುತಿ 800ದು. ಯಾರನ್ನ ಕೇಳಿದ್ರೂ ಅದೇ ಹೇಳ್ತಿದ್ರು, ಹಾಕು ಮಾರಾಯ, ಮೈಲೇಜ್ ಬರತ್ತೆ ಅಂತ. ಅಡಾಪ್ಟರ್ ಪ್ಲೇಟ್ ಲೇತಲ್ಲಿ ಮಾಡ್ಸಿ ಹಾಕ್ದೆ, ಸ್ಲೋ ರನ್ನಿಂಗ್, ಅಂದ್ರೆ ಆಕ್ಸಿಲರೇಟರ್ ಒತ್ತದೆ ನಿಂತಲ್ಲೇ ಓಡೋದು, ಚೆನ್ನಾಗೇ ನಿಲ್ತು, ಊರೊಳಗೆ ಓಡಾಡೋಕೆ ತೊಂದ್ರೆ ಇಲ್ಲ. ಕೈಮರದಿಂದ ಮೇಲೆ ಗುಡ್ಡ ಹತ್ತಿಸ್ದೆ ನೋಡಿ, ಖಾಲಿ ಗಾಡಿ, ಸೆಕೆಂಡ್ ಗೇರಲ್ಲೇ ಮೂಗು ಮುಚ್ಕೊಂಡು ಓಡಿದಂಗೆ ಏದುಸಿರು. ತಪ್ಪು ಕಾರ್ಬೊರೇಟರ್‌ದಲ್ಲ, ಅದು 796 ಸಿಸಿ ಇಂಜಿನ್‌ಗೆ ಮಾಡಿದ್ದು, ನಮ್ದು ಹತ್ತತ್ರ 2200 ಸಿಸಿ.

ಆಮೇಲೆ ಕೂತು ಇಂಜಿನ್‌ಗೆ ಎಷ್ಟು ಗಾಳಿ ಬೇಕು ಅಂತ ಲೆಕ್ಕ ಹಾಕ್ದೆ, ಇದನ್ನ ಮೊದ್ಲೇ ಮಾಡ್ಬೇಕಿತ್ತು. ಇಂಜಿನ್ 134 ಕ್ಯೂಬಿಕ್ ಇಂಚು, ಜಾಸ್ತಿ ಅಂದ್ರೆ 4000 ಆರ್‌ಪಿಎಂ, ಎರಡನ್ನೂ ಗುಣಿಸಿ 3456ರಿಂದ ಭಾಗಿಸಿದ್ರೆ 155 ಬರತ್ತೆ. ಹಳೇ ಇಂಜಿನ್ ಅಷ್ಟನ್ನೂ ಎಳ್ಕೊಳ್ಳಲ್ಲ, ಮುಕ್ಕಾಲು ಪಾಲು ಅಂತ ಇಟ್ಕೊಳ್ಳಿ, 116 ಸಿಎಫ್‌ಎಂ. ಅಂದ್ರೆ ನಿಮಿಷಕ್ಕೆ ಅಷ್ಟು ಘನ ಅಡಿ ಗಾಳಿ ಸಾಕು. ಇನ್ನೊಬ್ಬ ಗೆಳೆಯ ದೊಡ್ಡ ಕಾರಿನ ಎರಡು ಬಾಯಿಯ ಡಬಲ್ ಬ್ಯಾರೆಲ್ ಹಾಕು, ಪಿಕಪ್ ನೋಡು ಅಂತಿದ್ದ. ಅದೂ ತಪ್ಪೇ, ಬಾಯಿ ಅಗಲ ಜಾಸ್ತಿ ಆದ್ರೆ ಗಾಳಿ ವೇಗ ಇಳಿಯತ್ತೆ, ಪೆಟ್ರೋಲ್ ಹೊಗೆ ಥರ ಒಡೆಯೋ ಬದ್ಲು ಹನಿ ಹನಿಯಾಗೇ ಹೋಗತ್ತೆ, ಲೋಡ್ ಎಳೆಯೋ ಗಾಡಿಗೆ ಬೇಕಾಗಿರೋ ಕೆಳಗಿನ ದಮ್ಮೇ ಸತ್ತೋಗತ್ತೆ.

ಎರಡನೇದು ಆನ್‌ಲೈನಲ್ಲಿ ತರ್ಸಿದ್ ಸೋಲೆಕ್ಸ್ ಮಾದರಿ ಕಾಪಿ, 4,200 ರೂಪಾಯಿ, ಮಾರಿದ್ದು ಯಾರು ಅಂತ ಬರೆಯಲ್ಲ ಬಿಡಿ. ಅಳತೆ ಸರಿ ಇತ್ತು, ಗುಡ್ಡ ಹತ್ತಿತು. ಆದ್ರೆ ಹೊಸಾ ಡಬ್ಬಿಯಿಂದ ತೆಗ್ದಾಗ್ಲೇ ಥ್ರಾಟಲ್ ಶಾಫ್ಟ್ ಲಟಲಟ ಅಂತಿತ್ತು, ಒಳಗೆ ಎರಕದ ಚೂರು ಅಂಟ್ಕೊಂಡಿತ್ತು, ಒಳಬರೋ ಪೆಟ್ರೋಲ್ ತಡೆಯೋ ನೀಡಲ್ ಸರಿಯಾಗಿ ಕೂರ್ದೆ ಪೆಟ್ರೋಲ್ ಓವರ್‌ಫ್ಲೋ. ಬೇರೆ ಗಾಡಿ ಆಗಿದ್ರೆ ರಸ್ತೆ ಮೇಲೆ ಬೀಳ್ತಿತ್ತು, ಎಫ್‌ಸಿಲಿ ಇಂಜಿನ್ ಇರೋದೇ ಕ್ಯಾಬಿನ್ ಒಳಗೆ, ಡ್ರೈವರ್ ಪಕ್ಕದಲ್ಲಿ, ಮುಚ್ಚಳದ ಕೆಳಗೆ. ಮನೆಯವ್ಳು ಒಂದ್ಸಲ ಹತ್ತಿ ಇಳಿದೋಳು ಇದ್ರಲ್ಲಿ ಬೀಡಿ ಸೇದೋ ಆಳನ್ನ ಮಾತ್ರ ಕೂರಿಸ್ಬೇಡಿ ಅಂದ್ಳು, ಅಷ್ಟು ವಾಸ್ನೆ. ಇದ್ರಲ್ಲಿ ಅರ್ಧ ತಪ್ಪು ನಂದೂ ಇತ್ತು, ಎಲೆಕ್ಟ್ರಿಕ್ ಪಂಪ್ ಹಾಕ್ಕೊಂಡಿದ್ದೆ. ಇಂಥ ಕಾರ್ಬೊರೇಟರ್‌ಗೆ ಮೂರು ಮೂರುವರೆ ಪಿಎಸ್‌ಐ ಒತ್ತಡ ಸಾಕು, ಅದ್ಕಿಂತ ಜಾಸ್ತಿ ಕೊಟ್ರೆ ಎಂಥ ನೀಡಲ್ಲೂ ತಡೆಯಲ್ಲ. ಪಂಪ್ ಬದ್ಲಾಯ್ಸಿದ್ಮೇಲೆ ವಾಸ್ನೆ ಕಮ್ಮಿ ಆಯ್ತು, ಪೂರ್ತಿ ಹೋಗ್ಲಿಲ್ಲ.

ಕೊನೆಗೆ ಅಟ್ಟದ್ ಮೇಲಿದ್ದ ಒರಿಜಿನಲ್ ಕಾರ್ಟರ್ ವೈಎಫ್ ಇಳಿಸ್ದೆ. ಅಪ್ಪ ಅದನ್ನ ಹಳೇ ಬನಿಯನ್ನಲ್ಲಿ ಸುತ್ತಿ ಇಟ್ಟಿದ್ರು. ತುಕ್ಕು, ಪಾಚಿ ಬಣ್ಣದ ಕಿಟ್ಟ, ಚೋಕ್ ಜಾಮ್. ಹಾಸನದಲ್ಲಿ ಬಿ.ಎಂ. ರೋಡಿಂದ ಒಳಗೆ ಒಂದು ಗಲ್ಲೀಲಿ ಬರೀ ಕಾರ್ಬೊರೇಟರ್ ಕೆಲ್ಸನೇ ಮಾಡೋ ಭಾಯ್ ಒಬ್ರಿದಾರೆ ಅಂತ ಯಾರೋ ಹೇಳಿದ್ರು, ತಗೊಂಡೋದೆ. ಅವ್ರು ನನ್ನ ಮಾತು ಅರ್ಧ ಕೇಳಿ, ಶಾಫ್ಟ್ ಹಿಡಿದು ಅಲ್ಲಾಡ್ಸಿ, "ಬಾಡಿ ಜೀವಂತ ಇದೆ ಸಾರ್, ಇದನ್ನ ಬಿಟ್ಟು ಕಾಪಿ ಯಾಕೆ ತಗೊಂಡ್ರಿ" ಅಂದ್ರು. ನಂಗೆ ಉತ್ರ ಇರ್ಲಿಲ್ಲ.

ಅವ್ರು ಮಾಡಿದ್ ಕೆಲ್ಸ ನೋಡೋ ಹಂಗಿತ್ತು. ಶಾಫ್ಟ್ ತೂತು ಸವೆದಿದ್ದಕ್ಕೆ ಹಿತ್ತಾಳೆ ಬುಷ್, ಯಾಕಂದ್ರೆ ಅಲ್ಲಿಂದ ಗಾಳಿ ಎಳೆದ್ರೆ ಯಾವ ಸ್ಕ್ರೂ ತಿರುಗ್ಸಿದ್ರೂ ಸ್ಲೋ ನಿಲ್ಲಲ್ಲ. ಮೇಲಿನ ಮುಚ್ಚಳ ಸೊಟ್ಟ ಆಗಿತ್ತು, ಗಾಜಿನ ಮೇಲೆ ಸ್ಯಾಂಡ್ ಪೇಪರ್ ಹಾಸಿ ಉಜ್ಜಿ ಮಟ್ಟ ಮಾಡಿದ್ರು. ಹಳೇ ಡಯಾಫ್ರಾಂ ಕಿತ್ತಾಕಿ ಈಗಿನ ಇ20, ಅಂದ್ರೆ 20 ಪರ್ಸೆಂಟ್ ಎಥನಾಲ್ ಬೆರೆತ ಪೆಟ್ರೋಲ್ ತಡೆಯೋದು ಹಾಕಿದ್ರು. ಹೆಡ್ಡಿನ ಮೇಲೇ ನೇರವಾಗಿ ಕೂರೋ ಕಾರ್ಬೊರೇಟರ್ ಇದು, ಬಿಸಿಗೆ ಪೆಟ್ರೋಲ್ ಕುದಿಯತ್ತೆ ಅಂತ ಕೆಳಗೆ ದಪ್ಪ ಪ್ಯಾಕಿಂಗ್ ಕೊಟ್ರು.

ಜೆಟ್, ಅಂದ್ರೆ ಪೆಟ್ರೋಲ್ ಅಳೆದು ಬಿಡೋ ಸಣ್ಣ ತೂತಿನ ವಿಷ್ಯದಲ್ಲಿ ಮಾತ್ರ ಇಬ್ರಿಗೂ ವಾದ ಆಯ್ತು. ಚಿಕ್ಕಮಗಳೂರು ಸಾವಿರ ಮೀಟರ್ ಮೇಲಿದೆ, ಗಾಳಿ ಹತ್ತು ಪರ್ಸೆಂಟ್ ತೆಳು, ಮಿಕ್ಸ್ಚರ್ ರಿಚ್ ಆಗತ್ತೆ, ಅಂದ್ರೆ ಪೆಟ್ರೋಲ್ ಜಾಸ್ತಿ ಆಗತ್ತೆ, ಜೆಟ್ ಸಣ್ಣ ಮಾಡಿ ಅಂದೆ. ಅವ್ರು ನಕ್ಕು, ಎಥನಾಲ್ ಬೆರೆತ ಪೆಟ್ರೋಲ್ ಅದೇ ಜೆಟ್ಟಲ್ಲಿ ಲೀನ್ ಓಡತ್ತೆ ಸಾರ್, ಗಾಳಿ ಜಾಸ್ತಿ ಆದಂಗೆ, ನಿಮ್ ಗುಡ್ಡ ಒಂದು ಕಡೆ ಎಳೆದ್ರೆ ಬಂಕು ಇನ್ನೊಂದು ಕಡೆ ಎಳೆಯತ್ತೆ, ಕಂಪ್ನಿ ಜೆಟ್ಟೇ ಇರ್ಲಿ ಅಂದ್ರು. ಸರಿನೇ, ನೂರು ಕಿಲೋಮೀಟರ್ ಓಡ್ಸಿ ಪ್ಲಗ್ ಬಿಚ್ಚಿದ್ರೆ ರಿಚ್ ಆದಾಗಿನ ಕರಿ ಇಲ್ಲ, ಲೀನ್ ಆದಾಗಿನ ಬಿಳಿನೂ ಇಲ್ಲ, ಕಾಫಿಗೆ ಹಾಲು ಹಾಕಿದ್ ಬಣ್ಣ. ಇಂಜಿನ್ ಗಾಳಿ ಎಳೆಯೋ ಬಲ ಅಳೆಯೋ ವ್ಯಾಕ್ಯೂಮ್ ಗೇಜ್ 16 ಇಂಚು ತೋರ್ಸಿದ್ದಕ್ಕೆ ನಾನು ಗಾಬರಿ ಆಗಿದ್ದೆ, ವಿಡಿಯೋಗಳಲ್ಲಿ 18ರಿಂದ 21 ಅಂತಾರಲ್ಲ. ಅದು ಸಮುದ್ರ ಮಟ್ಟದ ಲೆಕ್ಕ, ಸಾವಿರ ಅಡಿಗೆ ಒಂದು ಇಂಚು ಕಮ್ಮಿ ಆಗತ್ತೆ, ನಮ್ಮೂರಿಗೆ 16 ಅಂದ್ರೆ ಭರ್ತಿ ಆರೋಗ್ಯ. ಹಾಸನಕ್ಕೂ ನಮಗೂ ಎತ್ತರದಲ್ಲಿ ಭಾರಿ ವ್ಯತ್ಯಾಸ ಇಲ್ಲ, ಅಲ್ಲಿ ಮಾಡಿದ್ ಟ್ಯೂನಿಂಗ್ ಇಲ್ಲೂ ನಿಲ್ತು, ಮಂಗಳೂರಲ್ಲಿ ಮಾಡ್ಸಿದ್ರೆ ಘಾಟಿ ಹತ್ತಿದ್ಮೇಲೆ ಮತ್ತೆ ಸ್ಕ್ರೂಡ್ರೈವರ್ ಹಿಡೀಬೇಕಿತ್ತು.

ಬೇಜಾರು ಏನಿಲ್ವಾ ಅಂದ್ರೆ ಇದೆ. ಎರಡು ದಿನ ಅಂದೋರು ಒಂಬತ್ತು ದಿನ ತಗೊಂಡ್ರು, ಫೋನ್ ಎತ್ತಲ್ಲ, ಬಿಲ್ ಕೇಳಿದ್ರೆ ಸಿಗರೇಟ್ ಪ್ಯಾಕ್ ಹಿಂದೆ ಬರ್ದು ಕೊಡ್ತಾರೆ. 3,100 ತಗೊಂಡ್ರು, ಕಾಪಿಗಿಂತ ಕಮ್ಮಿನೇ. ಕೈಮರದ ಏರು ಈಗ ಹತ್ತು ಚೀಲ ಗೊಬ್ಬರ ಹೇರ್ಕೊಂಡು ಸೆಕೆಂಡಲ್ಲೇ ಹತ್ತತ್ತೆ, ಮೈಲೇಜ್ ಲೀಟರ್‌ಗೆ ಏಳರ ಹತ್ರ, ಮಾರುತಿದು ಹಾಕಿದಾಗ್ಲೂ ಅಷ್ಟೇ ಬರ್ತಿತ್ತು. ಭಾಯ್ ಕೆಲ್ಸಕ್ಕೆ ಐದಕ್ಕೆ ನಾಲ್ಕು ಸ್ಟಾರ್.

ಮಳೆಗಾಲಕ್ಕೆ ಗಾಡಿ ನಿಲ್ಸೋರು ಮಾತ್ರ ಟ್ಯಾಂಕಲ್ಲಿ ಪೆಟ್ರೋಲ್ ಬಿಡ್ಬೇಡಿ, ನಮ್ಮ ಥಂಡಿಗೆ ಎಥನಾಲ್ ನೀರು ಹೀರ್ಕೊಂಡು ಅಡಿಗೆ ಇಳಿಯತ್ತೆ, ಕಾರ್ಬೊರೇಟರ್ ಒಳಗೆ ಪೆಟ್ರೋಲ್ ನಿಲ್ಲೋ ಬೌಲ್ ಕೂಡ ಒಣಗ್ಸಿ ಇಡಿ. ಸೋಲೆಕ್ಸ್ ಕಾಪಿ ಈಗ ಅದೇ ಬನಿಯನ್ನಲ್ಲಿ ಸುತ್ತಿ ಅಟ್ಟದ ಮೇಲಿದೆ.