ಮುರಿದ ಗಾರೆಯ ಒರಟುತನ ಅಳೆಸಿದ ಅನುಭವ

40×40×160 ಮಿಲಿಮೀಟರಿನ ಸಿಮೆಂಟ್ ಗಾರೆ ದಿಮ್ಮಿಗಳನ್ನು ಬಗ್ಗಿಸಿ ಮುರಿದು, ತುಂಡುಗಳನ್ನು ಬೆಂಗಳೂರಿನ ಒಂದು ಲ್ಯಾಬಿಗೆ ಒಯ್ದಿದ್ದೆ. ಮುರಿದ ಮುಖ ಎಷ್ಟು ಒರಟಾಗಿದೆ ಅಂತ ಕಾನ್‌ಫೋಕಲ್ ಮೈಕ್ರೋಸ್ಕೋಪಿನಲ್ಲಿ ಅಳೆಸಬೇಕಿತ್ತು.

ಎಲೆಕ್ಟ್ರಾನ್ ಮೈಕ್ರೋಸ್ಕೋಪಿಗೆ ಸಾಮಾನ್ಯವಾಗಿ ಹಚ್ಚುವಂಥ ಚಿನ್ನದ ಲೇಪ ಇದಕ್ಕೆ ಬೇಡ. ಲೇಸರ್ ಒಂದೊಂದೇ ಎತ್ತರದಲ್ಲಿ ಫೋಕಸ್ ಆದಷ್ಟನ್ನೇ ಹಿಡಿಯುತ್ತದೆ. ಆ ಪದರಗಳನ್ನು ಪೇರಿಸಿದರೆ ಎತ್ತರದ ನಕ್ಷೆ ಸಿಗುತ್ತದೆ. ಪರದೆ ಮೇಲೆ ಮರಳಿನ ಕಾಳು ಕಿತ್ತುಹೋದ ಗುಂಡಿಯೊಂದು ಕಂಡಿತು. ಒಳಗೆ ನುಣುಪು, ಸುತ್ತ ಸಿಮೆಂಟಿನ ತರಿತರಿ. ಬಿರುಕು ಕಾಳನ್ನು ಸೀಳದೆ ಸುತ್ತಿಕೊಂಡು ಹೋಗಿದೆ ಅಂತ ಅಲ್ಲೇ ಗೊತ್ತಾಯಿತು. ಎಷ್ಟು ಖುಷಿಯಾಯಿತು!

ಬೇಸರ ಆಗಿದ್ದು ರಿಪೋರ್ಟ್ ನೋಡಿ. ಬಣ್ಣದ ಚಿತ್ರ, ಜೊತೆಗೆ ಒಂದೇ ಸಂಖ್ಯೆ. ಉಬ್ಬುತಗ್ಗು ಸೇರಿದ ವಿಸ್ತೀರ್ಣವನ್ನು ಚಪ್ಪಟೆ ವಿಸ್ತೀರ್ಣದಿಂದ ಭಾಗಿಸಿದ್ದು ಅದು. ಯಾವ ಲೆನ್ಸ್, ಪದರಗಳ ನಡುವೆ ಎಷ್ಟು ಅಂತರ, ಏನೂ ಬರೆದಿರಲಿಲ್ಲ. ಲೆನ್ಸ್ ಬದಲಾದರೆ ಸಂಖ್ಯೆಯೂ ಬದಲಾಗುತ್ತದೆ ಅಲ್ವಾ? ಸುಮ್ನೆ ಸಂಖ್ಯೆ ಇಟ್ಟುಕೊಂಡು ಏನು ಮಾಡಲಿ? ಮೂರು ಸಲ ಫೋನ್ ಮಾಡಿದ ಮೇಲೆ ಎತ್ತರದ ಅಳತೆಗಳಿರುವ ಫೈಲ್ ಕಳಿಸಿದರು. ಕಡಿದಾದ ಇಳಿಜಾರುಗಳಿಂದ ಬೆಳಕು ವಾಪಸ್ ಬರದ ಜಾಗಗಳನ್ನು ಸಾಫ್ಟ್‌ವೇರ್ ಅಂದಾಜಿನಲ್ಲಿ ತುಂಬಿತ್ತು. ಅದನ್ನೂ ಕೇಳಿ ತಿಳಿದುಕೊಳ್ಳಿ.

ಯಂತ್ರ ನಡೆಸುವವರು ಮಾತ್ರ ತುಂಬಾ ಜೋಪಾನ. ಬ್ರಷ್ ಮುಟ್ಟಿಸದೆ, ಮೆಲ್ಲಗೆ ಗಾಳಿ ಊದಿಯೇ ಧೂಳು ತೆಗೆದರು. ಮುಂದಿನ ತುಂಡುಗಳನ್ನೂ ಅಲ್ಲಿಗೇ ಒಯ್ಯುತ್ತೇನೆ, ಫೈಲ್ ಬೇಕು ಅಂತ ಮೊದಲೇ ಬರೆದುಕೊಟ್ಟು.