ಆರ್‌ಎಕ್ಸ್ 100 ಕೊಳ್ಳುವ ಮುಂಚೆ ಹೆಡ್ ಪೈಪ್ ಒರೆಸಿ ನೋಡಿ

ಹೋದ ವರ್ಷ ದೀಪಾವಳಿ ಕಳೆದ ಮೇಲೆ ಒಂದು ಹಳೇ ಯಮಹಾ ಆರ್‌ಎಕ್ಸ್ 100 ಕೊಂಡೆ. 92 ಸಾವಿರ ರೂಪಾಯಿ ಕೊಟ್ಟೆ. ಇವತ್ತು ನನ್ನ ಹತ್ತಿರ ಗಾಡಿಯೂ ಇಲ್ಲ, ದುಡ್ಡೂ ಇಲ್ಲ. ಈ ಗಾಡಿಗಾಗಿ ಊರೂರು ಹುಡುಕುತ್ತಿರುವವರು ನಮ್ಮಲ್ಲಿ ತುಂಬಾ ಜನ ಇದ್ದಾರೆ. ನನಗಾದದ್ದು ಅವರಿಗೆ ಆಗಬಾರದು, ಅದಕ್ಕೇ ಇದನ್ನೆಲ್ಲ ಬಿಡಿಸಿ ಬರೆಯುತ್ತಿದ್ದೇನೆ.

ಆರ್‌ಎಕ್ಸ್ 100 ನಮ್ಮ ದೇಶದಲ್ಲಿ ತಯಾರಾಗಿದ್ದು 1985ರಿಂದ 1996ರವರೆಗೆ ಮಾತ್ರ. ಅಂದರೆ ಕೊನೇ ಗಾಡಿಗೂ ಹತ್ತಿರ ಹತ್ತಿರ ಮೂವತ್ತು ವರ್ಷ ಆಯಿತು. ಸ್ವಂತ ಬೈಕಿನ ಆರ್‌ಸಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಐದೈದು ವರ್ಷಕ್ಕೊಮ್ಮೆ ಗಾಡಿಯನ್ನು ಆರ್‌ಟಿಒಗೆ ತಗೊಂಡು ಹೋಗಿ ತೋರಿಸಬೇಕು, ಹಸಿರು ತೆರಿಗೆ ಕಟ್ಟಬೇಕು, ಆರ್‌ಸಿ ನವೀಕರಿಸಿಕೊಳ್ಳಬೇಕು. ಇದಕ್ಕೆ ಎಲ್ಲರೂ ‘ಎಫ್‌ಸಿ’ ಅಂತಲೇ ಅನ್ನುತ್ತಾರೆ. ನಾನು ಕೊಂಡದ್ದು 1993ರ ಗಾಡಿ. 2008, 2013, 2018, 2023, ಹೀಗೆ ನಾಲ್ಕು ಸಲ ಆಗಿರಬೇಕಿತ್ತು. ಆಗಿದ್ದು ಎರಡೇ ಸಲ. 2013ರ ನಂತರ ಗಾಡಿ ಆರ್‌ಟಿಒ ಮುಖವನ್ನೇ ನೋಡಿರಲಿಲ್ಲ.

‘ಎಫ್‌ಸಿ ಒಂದು ಬಾಕಿ ಇದೆ ಅಷ್ಟೇ ಸಾರ್, ಸ್ವಲ್ಪ ಲೇಟ್ ಫೀಸ್ ಕಟ್ಟಿದ್ರೆ ಆಗೋಯ್ತು’ ಅಂದ ಮಾರಿದವನು. ಅವನು ಮಾಲೀಕನಲ್ಲ, ಬ್ರೋಕರ್. ಆರ್‌ಸಿಯಲ್ಲಿ ತರೀಕೆರೆ ಕಡೆಯವರೊಬ್ಬರ ಹೆಸರಿತ್ತು. ಗಾಡಿಯನ್ನು ಬೇರೆಯವರ ಹೆಸರಿಗೆ ವರ್ಗಾಯಿಸುವ ಫಾರಂ 29, ಫಾರಂ 30 ಎರಡನ್ನೂ ಅವರೇ ಸೈನ್ ಹಾಕಿದ್ದು ಅಂತ ಕೈಗಿಟ್ಟ. ಗಾಡಿ ಒಂದೇ ಕಿಕ್‌ಗೆ ಸ್ಟಾರ್ಟ್ ಆಯಿತು. ಚಿಕ್ಕಂದಿನಲ್ಲಿ ನಮ್ಮ ಸೋದರಮಾವನ ಹಿಂದೆ ಕೂತು ಕೇಳಿದ ಅದೇ ಸದ್ದು. ಅಲ್ಲಿಗೆ ನಾನು ಬೇರೇನೂ ಕೇಳಲಿಲ್ಲ.

ನವೀಕರಣಕ್ಕೆ ಅಂತ ಮೊದಲು ಮಾಡಿಸಿದ್ದು ಹೊಗೆ ತಪಾಸಣೆ. ಪೆಟ್ರೋಲ್ ಜೊತೆ ಆಯಿಲನ್ನೂ ಸುಡುವ ಇಂಥ ಟೂ ಸ್ಟ್ರೋಕ್ ಗಾಡಿ ಪಾಸಾಗಲ್ಲ ಅಂತ ಎಲ್ಲರೂ ಹೆದರಿಸುತ್ತಾರೆ, ಆದರೆ ಅದು ಅಷ್ಟು ಕಷ್ಟ ಅಲ್ಲ. 2000ನೇ ಇಸವಿ ಮಾರ್ಚ್‌ಗೆ ಮುಂಚೆ ತಯಾರಾದ ಬೈಕುಗಳಿಗೆ ಕಾರ್ಬನ್ ಮಾನಾಕ್ಸೈಡ್ ಶೇ. 4.5ರವರೆಗೆ ಇರಬಹುದು. ಈ ಗಾಡಿಯಲ್ಲಿ ಆಯಿಲ್‌ಗೆ ಬೇರೆಯೇ ಟ್ಯಾಂಕ್, ಬೇರೆಯೇ ಪಂಪ್ ಇರುತ್ತದೆ. ಎಷ್ಟೋ ಮೆಕ್ಯಾನಿಕ್‌ಗಳು ಆ ಪಂಪ್ ತೆಗೆದು, ಪೆಟ್ರೋಲಿಗೇ ಅಂದಾಜಿನ ಮೇಲೆ ಆಯಿಲ್ ಸುರಿಯುವ ಅಭ್ಯಾಸ ಮಾಡಿಸಿಬಿಡುತ್ತಾರೆ. ಜಾಸ್ತಿ ಸುರಿದರೆ ನೀಲಿ ಹೊಗೆ. ನನ್ನದರಲ್ಲಿ ಪಂಪ್ ಸರಿ ಇತ್ತು, ಪಾಸಾಯಿತು. ಇನ್ಶೂರೆನ್ಸ್ ಕೂಡ ಫೋನಿನಲ್ಲೇ ಹತ್ತು ನಿಮಿಷದಲ್ಲಿ ಸಿಕ್ಕಿತು. ಎರಡು ಕಾಗದ ಕೈಗೆ ಬಂದವಲ್ಲ, ಗಾಡಿ ಸಾಚಾ ಅಂದುಕೊಂಡೆ. ಆ ಕಾಗದ ಕೊಟ್ಟವರಲ್ಲಿ ಒಬ್ಬರೂ ಗಾಡಿಯ ಚಾಸಿ ನಂಬರ್, ಅಂದರೆ ಫ್ರೇಮ್ ಮೇಲೆ ಹೊಡೆದಿರುವ ನಂಬರ್ ನೋಡಿರಲಿಲ್ಲ. ಇದನ್ನು ದಯವಿಟ್ಟು ನೆನಪಿಡಿ.

ಆರ್‌ಟಿಒಗೆ ಮೊದಲನೇ ಸಲ ಹೋದಾಗ ಬ್ರೇಕ್ ಇನ್‌ಸ್ಪೆಕ್ಟರ್ ಗಾಡಿಯ ಸುತ್ತ ಒಂದು ಸುತ್ತು ಬಂದು ವಾಪಸ್ ಕಳಿಸಿದರು. ಕನ್ನಡಿ ಇರಲಿಲ್ಲ. ಹಿಂದಿನ ಇಂಡಿಕೇಟರ್ ಉರಿಯುತ್ತಿರಲಿಲ್ಲ. ಹಿಂದಿನ ಟೈರ್ ಸವೆದು ನುಣ್ಣಗಾಗಿತ್ತು. ಸದ್ದು ಬರಲಿ ಅಂತ ಸೈಲೆನ್ಸರ್ ಒಳಗಿನ ಬ್ಯಾಫಲ್ ಕಿತ್ತು ಹಾಕಿದ್ದರು. ಇವೆಲ್ಲ ಸಣ್ಣ ವಿಷಯ. ಸುಮಾರು ಆರೂವರೆ ಸಾವಿರ ಖರ್ಚು ಮಾಡಿ ಒಂದು ವಾರದಲ್ಲಿ ಎಲ್ಲ ಸರಿ ಮಾಡಿಸಿದೆ.

ಎರಡನೇ ಸಲ ಅವರು ಕೂತು ನೋಡಿದರು. ಹ್ಯಾಂಡಲ್ ಕೆಳಗೆ ಸ್ಟೀರಿಂಗ್ ತಿರುಗುವ ಕೊಳವೆ ಇದೆಯಲ್ಲ, ಹೆಡ್ ಪೈಪ್, ಚಾಸಿ ನಂಬರ್ ಹೊಡೆದಿರುವುದು ಅದರ ಮೇಲೆ. ನನ್ನ ಗಾಡಿಯಲ್ಲಿ ಅಲ್ಲಿ ಕಪ್ಪು ಪೇಂಟ್ ಸ್ವಲ್ಪ ದಪ್ಪ ಇತ್ತು. ಹೊಸದಾಗಿ ಪೇಂಟ್ ಹೊಡೆಸಿದ್ದಾರೆ ಅಂತ ನಾನು ಖುಷಿಪಟ್ಟಿದ್ದೆ. ಅವರು ಚಿಂದಿ ಬಟ್ಟೆಗೆ ಥಿನ್ನರ್ ಹಾಕಿ ಉಜ್ಜಿದರು. ಪೇಂಟ್ ಕರಗಿ ಬಂತು. ಕೆಳಗೆ ಬರೀ ಲೋಹ. ಅದರ ಮೇಲೆ ಗ್ರೈಂಡರ್ ಆಡಿಸಿದ ಸಣ್ಣ ಸಣ್ಣ ಗೆರೆಗಳು, ಎಲ್ಲ ಒಂದೇ ಕಡೆಗೆ ಓರೆಯಾಗಿ. ಆಮೇಲೆ ತೆಳು ಕಾಗದ ಇಟ್ಟು ಪೆನ್ಸಿಲ್ ಉಜ್ಜಿದರು. ನಂಬರ್ ಮೂಡಿತು. ಆರ್‌ಸಿಯಲ್ಲಿದ್ದ ನಂಬರೇ. ನನಗೆ ಸಮಾಧಾನ ಆಯಿತು. ಅವರು ಕಾಗದವನ್ನು ನನ್ನ ಕಡೆ ತಿರುಗಿಸಿ, ‘ಸಾಲು ನೋಡ್ರಿ’ ಅಂದರು. ಮೂರನೇ ಅಂಕಿ ಪಕ್ಕದ್ದಕ್ಕಿಂತ ಒಂದು ಕೂದಲಿನಷ್ಟು ಮೇಲೆ. ಕೊನೆಯ ಎರಡು ಅಂಕಿ ಒಂದಕ್ಕೊಂದು ತಾಗುವಷ್ಟು ಹತ್ತಿರ. ಕಂಪನಿಯಲ್ಲಿ ಹೊಡೆದ ನಂಬರ್ ಹೀಗೆ ಕುಣಿಯಲ್ಲ, ಇದು ಕೈಯಲ್ಲಿ ಸುತ್ತಿಗೆ ಹಿಡಿದು ಹೊಡೆದದ್ದು. ನವೀಕರಣ ಆಗಲ್ಲ, ಪೊಲೀಸರಿಗೆ ಬರೀಬೇಕಾಗುತ್ತೆ ಅಂದರು.

ಬ್ರೋಕರ್ ಫೋನ್ ಅವತ್ತೇ ಸ್ವಿಚ್ ಆಫ್. ಮಾರನೇ ದಿನ ಆರ್‌ಸಿಯಲ್ಲಿದ್ದ ವಿಳಾಸ ಹುಡುಕಿಕೊಂಡು ಹೋದೆ. ಅವರ ಮಗ ಒಳಗೆ ಕರೆದು ಕೂರಿಸಿದರು. ಅಪ್ಪ 2019ರಲ್ಲೇ ತೀರಿಹೋಗಿದ್ದರು. ಗಾಡಿ 2014ರಲ್ಲಿ ಲಾರಿಗೆ ಗುದ್ದಿ ಫ್ರೇಮ್ ಮುರಿದಿತ್ತಂತೆ. ಗುಜರಿಗೆ ಕೊಟ್ಟಾಗ ಆರ್‌ಸಿಯನ್ನೂ ಇಸ್ಕೊಂಡು ಹೋದರಂತೆ. ನಾನು ಫಾರಂ 30 ತೋರಿಸಿದೆ. ಅವರು ಸೈನ್ ಮೇಲೆ ಬೆರಳಿಟ್ಟು, ‘ಅಪ್ಪ ಯಾವತ್ತೂ ಕನ್ನಡದಲ್ಲೇ ಸೈನ್ ಹಾಕ್ತಿದ್ದಿದ್ದು’ ಅಂದರು. ಫಾರಂನಲ್ಲಿದ್ದದ್ದು ಇಂಗ್ಲಿಷ್ ಸೈನ್.

ಸತ್ತ ಗಾಡಿಯ ಕಾಗದ ಇಟ್ಟುಕೊಳ್ಳುತ್ತಾರೆ. ಎಲ್ಲಿಂದಲೋ ತಂದ ಫ್ರೇಮ್‌ಗೆ ಆ ನಂಬರ್ ಹೊಡೆಯುತ್ತಾರೆ. ಇಪ್ಪತ್ತು ಸಾವಿರಕ್ಕೆ ಹೋಗುತ್ತಿದ್ದ ಗಾಡಿಗೆ ಲಕ್ಷ ರೂಪಾಯಿ ಬೆಲೆ ಬಂದರೆ ಹೀಗೆಲ್ಲ ಆಗದೆ ಇರುತ್ತಾ? ಗುಜರಿಗೆ ಗಾಡಿ ಕೊಡುವವರಿಗೂ ಒಂದು ಮಾತು. ಗಾಡಿ ನಾಶವಾದರೆ 14 ದಿನದೊಳಗೆ ಆರ್‌ಟಿಒಗೆ ತಿಳಿಸಿ ಆರ್‌ಸಿ ಒಪ್ಪಿಸಬೇಕು ಅಂತ ಮೋಟಾರು ವಾಹನ ಕಾಯ್ದೆಯ 55ನೇ ಕಲಂನಲ್ಲೇ ಇದೆ. ಆ ಮನೆಯವರು ಪಾಪ, ಅವರಿಗೆ ಗೊತ್ತಿರಲಿಲ್ಲ.

ಆರ್‌ಎಕ್ಸ್ ನೋಡಲು ಹೋಗುವವರು ಥಿನ್ನರ್, ಬಟ್ಟೆ, ಟಾರ್ಚ್, ಪೆನ್ಸಿಲ್, ತೆಳು ಕಾಗದ ಜೇಬಲ್ಲಿ ಇಟ್ಟುಕೊಂಡು ಹೋಗಿ. ಕಿಕ್ ಹೊಡೆಯುವ ಮುಂಚೆ ಹೆಡ್ ಪೈಪ್ ಒರೆಸಿ. ‘ಪೇಂಟ್ ಹಾಳಾಗುತ್ತೆ’ ಅಂತ ಮಾರುವವನು ತಡೆದರೆ ಅಲ್ಲಿಂದ ಎದ್ದು ಬನ್ನಿ. ಎಂಜಿನ್ ನಂಬರನ್ನೂ ಹಾಗೇ ನೋಡಿ. ಈ ಗಾಡಿಗೆ ಆರ್‌ಎಕ್ಸ್ 135ರ ಎಂಜಿನ್ ಕೂರಿಸುವವರು ಜಾಸ್ತಿ. ಓಡಿಸಲು ಚೆನ್ನಾಗಿರುತ್ತದೆ, ಆದರೆ ಆರ್‌ಸಿಯಲ್ಲಿ 98 ಸಿಸಿ ಅಂತ ಇರುತ್ತದೆ, ತಪಾಸಣೆಯಲ್ಲಿ ಸಿಕ್ಕಿಬೀಳುತ್ತೀರಿ. ಎಂಪರಿವಾಹನ್ ಆ್ಯಪ್‌ನಲ್ಲಿ ನಂಬರ್ ಹಾಕಿ ಆರ್‌ಸಿ ಎಲ್ಲಿಯವರೆಗೆ ಇದೆ ನೋಡಿ. ಹಳೇ ಪುಸ್ತಕದ ಆರ್‌ಸಿ ಆಗಿದ್ದರೆ ವಿವರ ಅಲ್ಲಿ ಸಿಗದೆ ಇರಬಹುದು. ಹಾಗಿದ್ದರೆ ಆರ್‌ಟಿಒದಲ್ಲಿ ಅದನ್ನು ಕಂಪ್ಯೂಟರಿಗೆ ಏರಿಸುವ ಕೆಲಸ ಮಾರುವವರೇ ಮಾಡಿಸಿಕೊಡಲಿ.

ಖರ್ಚಿನ ಲೆಕ್ಕವನ್ನೂ ಮೊದಲೇ ಹಾಕಿ. ನವೀಕರಣದ ಶುಲ್ಕ 2022ರ ಏಪ್ರಿಲ್‌ನಲ್ಲಿ 300ರಿಂದ 1,000 ರೂಪಾಯಿ ಆಯಿತು, ತಡವಾದರೆ ತಿಂಗಳಿಗೆ 300. 20 ವರ್ಷ ದಾಟಿದ ಬೈಕಿಗೆ 2025ರ ಆಗಸ್ಟ್‌ನಲ್ಲಿ 2,000 ಮಾಡಿದ್ದಾರೆ. ಆದರೂ ಇದಕ್ಕಿಂತ ದೊಡ್ಡದು ಒಂದಿದೆ. ಎಫ್‌ಸಿ ಆಗುವವರೆಗೆ ಪೂರ್ತಿ ದುಡ್ಡು ಕೊಡಬೇಡಿ. ಸ್ವಲ್ಪ ಅಡ್ವಾನ್ಸ್ ಕೊಟ್ಟು ಬರೆಸಿಕೊಳ್ಳಿ, ‘ನೀವೇ ನವೀಕರಿಸಿ ಕೊಡಿ, ಮಿಕ್ಕಿದ್ದು ಅವತ್ತೇ ಕೊಡ್ತೀನಿ’ ಅನ್ನಿ. ಆರ್‌ಸಿಯಲ್ಲಿ ಹೆಸರಿರುವವರ ಮನೆಗೆ ಒಮ್ಮೆ ಹೋಗಿ ಬನ್ನಿ. ಅರ್ಧ ದಿನದ ಕೆಲಸ. ನಾನು ಗಾಡಿ ಕೊಂಡ ಮೇಲೆ ಹೋದೆ, ನೀವು ಮುಂಚೆ ಹೋಗಿ.

ಗಾಡಿ ಈಗ ಠಾಣೆಯ ಕಾಂಪೌಂಡಿನಲ್ಲಿ ಮಳೆಗೆ ನೆನೆಯುತ್ತಾ ನಿಂತಿದೆ. ದೂರು ಕೊಟ್ಟಿದ್ದೇನೆ. ಉಜ್ಜಿ ತೆಗೆದ ನಂಬರನ್ನು ಆಸಿಡ್ ಹಚ್ಚಿ ಮತ್ತೆ ಕಾಣಿಸುವ ಹಾಗೆ ಮಾಡಬಹುದಂತೆ. ನಂಬರ್ ಹೊಡೆದಾಗ ಒಳಗಿನ ಲೋಹವೂ ಒತ್ತಿಕೊಂಡಿರುತ್ತದೆ ಅಂತ ಠಾಣೆಯಲ್ಲಿ ಹೇಳಿದರು. ಆ ಫ್ರೇಮ್ ಯಾರದ್ದೋ ಮನೆ ಮುಂದೆ ಇದ್ದದ್ದು ಇರಬಹುದು, ಅವರು ಇನ್ನೂ ಹುಡುಕುತ್ತಿರಬಹುದು. ಅವರು ಸಿಕ್ಕರೆ ಗಾಡಿ ಅವರ ಮನೆಗೇ ಹೋಗಲಿ. ನಾನು ಹಾಕಿಸಿದ ಹೊಸ ಕನ್ನಡಿ, ಟೈರು ಅದರಲ್ಲೇ ಇವೆ.