ಬೇಸ್‌ಮೆಂಟಿನ ಒಸರಿಗೆ ಗ್ರೌಟಿಂಗ್: ಎರಡು ಮಳೆಗಾಲ ಕಳೆದ ಮೇಲಿನ ವಿಮರ್ಶೆ

ಬೆಂಗಳೂರಿನ ಬೆಳ್ಳಂದೂರಿನ ಕಡೆ, ರಾಜಕಾಲುವೆಗೆ ಸಮೀಪವಿರುವ ನಮ್ಮ ಮನೆಯ ಬೇಸ್‌ಮೆಂಟಿನಲ್ಲಿ 2022ರ ಸೆಪ್ಟೆಂಬರ್ ಮಳೆಗೆ ಮೊಣಕಾಲುದ್ದ ನೀರು ನಿಂತಿತ್ತು. ಅದು ರ‍್ಯಾಂಪಿನಿಂದ ಇಳಿದ ನೀರು. ಮರುವರ್ಷ ರ‍್ಯಾಂಪಿನ ತಲೆಗೆ ಎತ್ತರದ ಹಂಪ್ ಕಟ್ಟಿಸಿದೆವು. ಆದರೆ ಬೀದಿಯಲ್ಲಿ ನೀರು ನಿಲ್ಲದ ದಿನಗಳಲ್ಲೂ ಗೋಡೆ ಮತ್ತು ನೆಲ ಕೂಡುವ ಮೂಲೆಗುಂಟ ನೀರು ಒಸರತೊಡಗಿತು. ಮೊದಲು ಬಂದ ಗುತ್ತಿಗೆದಾರರೊಬ್ಬರು ಒಳಮುಖಕ್ಕೆ ವಾಟರ್‌ಪ್ರೂಫ್ ಬಣ್ಣ ಬಳಿದು ಹೋದರು. ಒಂದೇ ಮಳೆಗಾಲಕ್ಕೆ ಅದು ಹಪ್ಪಳದಂತೆ ಉಬ್ಬಿ, ಒಡೆದಲ್ಲೆಲ್ಲ ಬಿಳಿ ಉಪ್ಪು ಕಾಣಿಸಿತು. ಹೊರಗಿನ ಮಣ್ಣಿನಲ್ಲಿ ಒಂದು ಮೀಟರ್ ನೀರು ನಿಂತರೆ ಗೋಡೆಯ ಬುಡಕ್ಕೆ ಚದರ ಮೀಟರಿಗೆ ಸುಮಾರು ಒಂದು ಟನ್ ಒತ್ತಡ ಬೀಳುತ್ತದೆ. ಹಿಂದಿನಿಂದ ತಳ್ಳುವ ಆ ಭಾರವನ್ನು ಬಣ್ಣ ತಡೆದೀತೆಂದು ನಂಬಿದ್ದು ನಮ್ಮ ತಪ್ಪೂ ಹೌದು.

ಈ ವಿಮರ್ಶೆ ಎರಡನೆಯದಾಗಿ ಕರೆಸಿದ ಸಣ್ಣ ಸಂಸ್ಥೆಯ ಗ್ರೌಟಿಂಗ್ ಕೆಲಸದ್ದು, ಅಂದರೆ ಬಿರುಕಿನೊಳಗೆ ದ್ರಾವಣ ತುಂಬಿ ನೀರಿನ ದಾರಿ ಮುಚ್ಚುವ ಕೆಲಸದ್ದು. ಅವರ ಮೇಲ್ವಿಚಾರಕರು ದರ ಹೇಳುವ ಮೊದಲು ಒಂದು ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪು ಹಚ್ಚಿ ಗೋಡೆಗೆ ಅಂಟಿಸಿ, ಎರಡು ದಿನ ಬಿಟ್ಟು ಬಂದು ನೋಡಿದರು. ಹನಿಗಳು ಹಾಳೆಯ ಹಿಂಬದಿಯಲ್ಲಿದ್ದರೆ ತೇವ ಗೋಡೆಯಿಂದ ಬಂದದ್ದು, ಮುಂಬದಿಯಲ್ಲಿದ್ದರೆ ಕೋಣೆಯ ಗಾಳಿಯಿಂದ ಬಂದದ್ದು. ನಮ್ಮಲ್ಲಿ ಹಿಂಬದಿಯೇ ಒದ್ದೆಯಾಗಿತ್ತು. ಗೋಡೆಯಾಚೆಗಿನ ಸಂಪಿನ ಮೇಲೂ ಅವರಿಗೆ ಗುಮಾನಿಯಿತ್ತು. ರಾತ್ರಿ ವಾಲ್ವ್ ಮುಚ್ಚಿ ನೀರಿನ ಮಟ್ಟಕ್ಕೆ ಸೀಮೆಸುಣ್ಣದಲ್ಲಿ ಗೆರೆ ಎಳೆಸಿದರು. ಬೆಳಿಗ್ಗೆ ನೀರು ಗೆರೆಯಲ್ಲೇ ಇದ್ದುದರಿಂದ ಸಂಪು ಬಚಾವಾಯಿತು.

ಬಳಿಕ ಬಿರುಕಿನಗುಂಟ ಓರೆಯಾಗಿ ರಂಧ್ರ ಕೊರೆದು, ನಳಿಕೆ ಕೂರಿಸಿ, ನೀರು ತಾಗಿದೊಡನೆ ನೊರೆಯಾಗಿ ಉಬ್ಬುವ ಪಾಲಿಯುರೆಥೇನ್ ದ್ರಾವಣವನ್ನು ಒತ್ತಡದಿಂದ ತುಂಬಿದರು. ಒಂದು ನಳಿಕೆಗೆ ತುಂಬಿದ್ದು ಪಕ್ಕದ ನಳಿಕೆಯಲ್ಲಿ ಇಣುಕುವವರೆಗೂ ಕೆಲಸದ ಹುಡುಗ ಪಂಪಿನ ಹಿಡಿ ಬಿಡಲಿಲ್ಲ. ನಳಿಕೆಗೆ 450 ರೂಪಾಯಿಯಂತೆ 38 ನಳಿಕೆಗಳಿಗೆ 17,100 ರೂಪಾಯಿ ಆಯಿತು.

ಕೊರತೆಗಳಿಲ್ಲವೆಂದಲ್ಲ. ನೆಲದ ಟೈಲ್ಸ್ ಮೇಲೆ ಬಿದ್ದ ನೊರೆಯ ಕಲೆ ಇಂದಿಗೂ ಹೋಗಿಲ್ಲ. ಐದು ವರ್ಷದ ಗ್ಯಾರಂಟಿ ನಳಿಕೆ ಹಾಕಿದ ಜಾಗಕ್ಕಷ್ಟೇ ಅನ್ವಯಿಸುತ್ತದೆ ಎಂಬುದು ಕರಾರಿನ ಹಿಂಪುಟದಲ್ಲಿತ್ತು. ಎರಡನೆಯ ಮಳೆಗಾಲದಲ್ಲಿ ಎರಡಡಿ ಆಚೆ ಹೊಸದಾಗಿ ಒಸರಿದಾಗ ಮಾತ್ರ ಆ ಸಾಲನ್ನು ಹಿಡಿದು ವಾದಿಸದೆ, ಇನ್ನೂ ನಾಲ್ಕು ನಳಿಕೆಗಳನ್ನು ಪುಕ್ಕಟೆಯಾಗಿ ಹಾಕಿಕೊಟ್ಟರು. ಅವರ ಸಲಹೆಯಂತೆ ಮೂಲೆಯಲ್ಲಿ ಗುಂಡಿ ತೆಗೆಸಿ, ನೀರೇರಿದರೆ ತಾನೇ ಚಾಲೂ ಆಗುವ ಫ್ಲೋಟ್ ಸ್ವಿಚ್ಚಿನ ಪಂಪನ್ನು ಇರಿಸಿದ್ದೇವೆ. ಆದರೆ ಜೋರು ಮಳೆಯಲ್ಲೇ ಕರೆಂಟು ಹೋಗುವ ಈ ಊರಿನಲ್ಲಿ ಅದಕ್ಕೆ ಇನ್ವರ್ಟರ್ ಬೇಕೆಂದು ನೆನಪಿಸಿದವರು ನಮ್ಮ ಎಲೆಕ್ಟ್ರಿಷಿಯನ್.

ಕಾಂಕ್ರೀಟ್ ಗೋಡೆಯ ಬಿರುಕುಗಳಿಗೆ ಈ ಸೇವೆಯನ್ನು ನಾನು ಧಾರಾಳವಾಗಿ ಶಿಫಾರಸು ಮಾಡುತ್ತೇನೆ. ಪಕ್ಕದ ಮನೆಯವರೂ ಇವರನ್ನೇ ಕರೆಸಿದ್ದರು. ಅವರದು ಸೈಜುಗಲ್ಲಿನ ಗೋಡೆ. ಸಂದುಗಳಲ್ಲಿ ದ್ರಾವಣ ಎತ್ತಲೋ ಹರಿದು ಹಣ ದಂಡವಾಗುತ್ತದೆ, ಹೊರಗಿನಿಂದ ಅಗೆದು ಪದರ ಹಾಕಿಸಿಕೊಳ್ಳಿ ಎಂದು ಹೇಳಿ, ಕೆಲಸ ಒಪ್ಪಿಕೊಳ್ಳದೆ ಹೊರಟುಹೋದರು.